ಬಟನ್ ಒತ್ತಿದರೆ ಏನೂ ಆಗುತ್ತಿಲ್ಲವೇ? ಜಾವಾಸ್ಕ್ರಿಪ್ಟ್ ಹೊಸದಾಗಿ ಕಲಿಯುವವರಿಗೆ ದೋಷ ಹುಡುಕುವ ದಾರಿ

ಅಕ್ಕನ ಮಗಳು ಕಳೆದ ಮಳೆಗಾಲದಲ್ಲಿ ಜಾವಾಸ್ಕ್ರಿಪ್ಟ್ ಕಲಿಯಲು ಶುರು ಮಾಡಿದಳು. ಮೊದಲ ಕೆಲಸ ಮನೆಯ ಹಾಲಿನ ಲೆಕ್ಕ. ಬೆಳಿಗ್ಗೆ ಡೈರಿಗೆ ಹಾಕಿದ ಲೀಟರ್‌ಗೆ ಒಂದು ಪೆಟ್ಟಿಗೆ, ಸಂಜೆಯದಕ್ಕೆ ಇನ್ನೊಂದು, ಕೆಳಗೆ ‘ಲೆಕ್ಕ ಹಾಕು’ ಎಂಬ ಬಟನ್. ಒಂದು ರಾತ್ರಿ ಊಟಕ್ಕೆ ಕೂತಾಗ ಫೋನ್ ಬಂತು.

“ಮಾಮ, ಬಟನ್ ಒತ್ತಿದ್ರೆ ಏನೂ ಆಗ್ತಿಲ್ಲ.”

“ಕನ್ಸೋಲ್‌ನಲ್ಲಿ ಏನ್ ಬಂದಿದೆ ನೋಡು ಪುಟ್ಟಿ.”

“ಅದೆಲ್ಲಿದೆ?”

ಎರಡು ದಿನದಿಂದ ಕೋಡನ್ನು ಅಳಿಸಿ ಬರೆದು, ಅಳಿಸಿ ಬರೆದು ಸುಸ್ತಾಗಿದ್ದಳು. ತಪ್ಪು ಎಲ್ಲಿದೆ ಎಂದು ಬ್ರೌಸರ್ ಎರಡು ದಿನದಿಂದ ಕೆಂಪು ಅಕ್ಷರದಲ್ಲಿ ಹೇಳುತ್ತಲೇ ಇತ್ತು. ಇವಳು ಆ ಕಡೆ ನೋಡಿರಲಿಲ್ಲ ಅಷ್ಟೇ.

ಅವತ್ತಿನಿಂದ ಫೋನಿನಲ್ಲಿ ಹೇಳಿದ್ದನ್ನೆಲ್ಲ ಇಲ್ಲಿ ಜೋಡಿಸಿದ್ದೇನೆ. ಕೋಡಿನ ಪದಗಳನ್ನೂ ಫೋನಿನಲ್ಲಿ ಹೇಳುವ ಹಾಗೆಯೇ ಕನ್ನಡದಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ ಮಾಡಬೇಕು, ದೊಡ್ಡಕ್ಷರ ಚಿಕ್ಕಕ್ಷರ ನೋಡಿಕೊಂಡು.

## ಯಾವ ದೋಷವಾದರೂ ಮೊದಲು ಇಷ್ಟು ಮಾಡಿ

ಫೈಲ್ ಸೇವ್ ಆಗಿದೆಯಾ? ಕೋಡು ಬರೆಯುವ ತಂತ್ರಾಂಶ ವಿಎಸ್ ಕೋಡ್‌ನಲ್ಲಿ ಫೈಲ್ ಹೆಸರಿನ ಪಕ್ಕ ದುಂಡನೆ ಚುಕ್ಕೆ ಇದ್ದರೆ ಸೇವ್ ಆಗಿಲ್ಲ ಎಂದರ್ಥ. ನನ್ನನ್ನು ಕೇಳಿದರೆ ಹೊಸಬರ ಅರ್ಧ ತೊಂದರೆ ಈ ಚುಕ್ಕೆಯಲ್ಲೇ ಇದೆ.

ಆಮೇಲೆ ಕಂಟ್ರೋಲ್ ಜೊತೆ ಎಫ್5 ಒತ್ತಿ. ಸುಮ್ನೆ ರಿಫ್ರೆಶ್ ಮಾಡಿದರೆ ಬ್ರೌಸರ್ ಕೆಲವು ಸಲ ತಾನು ಎತ್ತಿಟ್ಟುಕೊಂಡ ಹಳೆಯ ಫೈಲನ್ನೇ ತೋರಿಸುತ್ತದೆ. ಹೀಗೆ ಮಾಡಿದರೆ ಹೊಸದನ್ನು ತರುತ್ತದೆ.

ಈಗ ಎಫ್12 ಒತ್ತಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀಲಿಯನ್ನೂ ಜೊತೆಗೆ ಒತ್ತಬೇಕು. ತೆರೆದ ಕಿಟಕಿಯಲ್ಲಿ ‘ಕನ್ಸೋಲ್’ ಎಂಬ ಟ್ಯಾಬ್ ಆರಿಸಿ. ಕ್ರೋಮ್‌ನಲ್ಲಿ ನೇರವಾಗಿ ಅಲ್ಲಿಗೇ ಹೋಗಲು ಕಂಟ್ರೋಲ್, ಶಿಫ್ಟ್, ಜೆ ಒಟ್ಟಿಗೆ. ಫೈರ್‌ಫಾಕ್ಸ್‌ನಲ್ಲಿ ಜೆ ಬದಲು ಕೆ. ಫೋನಿನ ಕ್ರೋಮ್‌ನಲ್ಲಿ ಈ ಕಿಟಕಿ ಇಲ್ಲ. ಫೋನಿನಲ್ಲೇ ಕಲಿಯುತ್ತಿದ್ದರೆ ಕೋಡಿನ ಮೊದಲ ಸಾಲಲ್ಲಿ ಪರದೆಯ ಮೇಲೆ ಸಂದೇಶ ಎಬ್ಬಿಸುವ ಒಂದು ‘ಅಲರ್ಟ್’ ಹಾಕಿ ನೋಡುವುದೇ ಗತಿ.

ಕನ್ಸೋಲ್ ಮೇಲ್ಭಾಗದ ಫಿಲ್ಟರ್ ಪೆಟ್ಟಿಗೆ ಖಾಲಿ ಇರಲಿ. ಹಿಂದೆ ಯಾವತ್ತೋ ಟೈಪ್ ಮಾಡಿದ ಪದ ಅಲ್ಲೇ ಉಳಿದು, ಎಲ್ಲ ಎರರ್ ಮುಚ್ಚಿಟ್ಟು ನನ್ನನ್ನೂ ಒಮ್ಮೆ ಮಂಗ ಮಾಡಿದೆ.

ಕೆಂಪು ಸಾಲು ಇದೆಯೋ ಇಲ್ಲವೋ? ಮುಂದಿನ ದಾರಿ ಇಲ್ಲಿಂದ ಕವಲೊಡೆಯುತ್ತದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. “ಈ ಕೋಡನ್ನು ಕನ್ಸೋಲ್‌ಗೆ ಪೇಸ್ಟ್ ಮಾಡಿ, ಫಾಲೋವರ್ಸ್ ಜಾಸ್ತಿ ಆಗ್ತಾರೆ” ಎಂದು ಯಾರಾದರೂ ವಾಟ್ಸಾಪ್‌ನಲ್ಲಿ ಕಳಿಸಿದರೆ ಮುಟ್ಟಬೇಡಿ. ಕನ್ಸೋಲ್‌ನಲ್ಲಿ ಓಡುವ ಕೋಡಿಗೆ ಆ ಪುಟದಲ್ಲಿ ನಿಮಗೆ ಇರುವ ಅಧಿಕಾರವೆಲ್ಲ ಸಿಗುತ್ತದೆ. ಲಾಗಿನ್ ಆಗಿದ್ದರೆ ಖಾತೆಯೇ ಹೋಗಬಹುದು. ಕಲಿಯುವುದು ನಿಮ್ಮದೇ ಪುಟದಲ್ಲಿ ಇರಲಿ, ಬ್ಯಾಂಕಿನ ಪುಟದಲ್ಲಿ ಬೇಡ.

## ಬಟನ್ ಸುಮ್ಮನಿದೆ, ಕೆಂಪು ಸಾಲೂ ಇಲ್ಲ

ನಿಮ್ಮ ಕೋಡು ಓಡುತ್ತಲೇ ಇಲ್ಲದಿರಬಹುದು, ಇಲ್ಲವೇ ಬಟನ್‌ಗೂ ಕೋಡಿಗೂ ನಂಟೇ ಬೆಳೆದಿಲ್ಲದಿರಬಹುದು. ಯಾವುದು ಎಂದು ತಿಳಿಯಲು ಫೈಲಿನ ಮೊದಲ ಸಾಲಲ್ಲಿ ‘ಕನ್ಸೋಲ್ ಡಾಟ್ ಲಾಗ್’ ಬರೆದು ಬ್ರಾಕೆಟ್ಟಿನೊಳಗೆ 1 ಹಾಕಿ. ರಿಫ್ರೆಶ್ ಮಾಡಿ.

1 ಬರಲಿಲ್ಲವೇ? ಫೈಲ್ ಪುಟಕ್ಕೆ ಸೇರಿಲ್ಲ. ಸ್ಕ್ರಿಪ್ಟ್ ಟ್ಯಾಗ್ ಹಾಕಿದ್ದೀರಾ ನೋಡಿ. ಹಾಕಿದ್ದರೆ ಅದರಲ್ಲಿ ‘ಎಸ್‌ಆರ್‌ಸಿ’ (ಹೊರಗಿನ ಫೈಲಿನ ಹೆಸರು ಹೇಳುವ ಜಾಗ) ಕೊಟ್ಟು, ಅದೇ ಟ್ಯಾಗ್ ಒಳಗೆ ಕೋಡನ್ನೂ ಬರೆದಿದ್ದೀರಾ? ಎರಡೂ ಇದ್ದರೆ ಒಳಗಿನ ಕೋಡನ್ನು ಬ್ರೌಸರ್ ಓದುವುದೇ ಇಲ್ಲ, ದೂರನ್ನೂ ಹೇಳುವುದಿಲ್ಲ. ಹೊರಗಿನ ಫೈಲ್‌ಗೆ ಒಂದು ಟ್ಯಾಗ್, ಒಳಗಿನ ಕೋಡಿಗೆ ಇನ್ನೊಂದು.

ಪುಟದ ಅರ್ಧವೇ ಮಾಯವಾಗಿದ್ದರೆ ಸ್ಕ್ರಿಪ್ಟ್ ಟ್ಯಾಗ್‌ಗೆ ಮುಚ್ಚುವ ಟ್ಯಾಗ್ ಇಲ್ಲ. ಚಿತ್ರದ ಟ್ಯಾಗ್ ಥರ ಒಂದು ಓರೆಗೆರೆ ಹಾಕಿ ಮುಗಿಸಿದರೆ ಸ್ಕ್ರಿಪ್ಟ್ ಮುಗಿಯುವುದಿಲ್ಲ. ಅದರ ಕೆಳಗಿದ್ದ ಎಲ್ಲವನ್ನೂ ಬ್ರೌಸರ್ ಸ್ಕ್ರಿಪ್ಟ್ ಎಂದೇ ನುಂಗುತ್ತದೆ.

1 ಬಂತು, ಆದರೆ ಬಟನ್ ಮಾತ್ರ ಸುಮ್ಮನಿದೆಯೇ? ‘ಆಡ್ ಇವೆಂಟ್ ಲಿಸನರ್’ ಸಾಲು ನೋಡಿ. ಅಲ್ಲಿ ಘಟನೆಯ ಹೆಸರು ‘ಕ್ಲಿಕ್’ ಎಂದಿರಬೇಕು, ‘ಆನ್‌ಕ್ಲಿಕ್’ ಅಲ್ಲ. ತಪ್ಪು ಹೆಸರು ಕೊಟ್ಟರೂ ಬ್ರೌಸರ್ ಬೈಯುವುದಿಲ್ಲ. ಎಂದೂ ನಡೆಯದ ಘಟನೆಗಾಗಿ ಕಾಯುತ್ತಾ ಕೂತಿರುತ್ತದೆ.

ಅದೇ ಸಾಲಲ್ಲಿ ಫಂಕ್ಷನ್ ಹೆಸರಾದ ಮೇಲೆ ಬ್ರಾಕೆಟ್ ಇದೆಯಾ? ಬ್ರಾಕೆಟ್ ಹಾಕಿದರೆ ‘ಈಗಲೇ ಮಾಡು’ ಎಂದಂತೆ. ಹಾಕದಿದ್ದರೆ ‘ಕರೆದಾಗ ಮಾಡು’ ಎಂದಂತೆ. ಪುಟ ತೆರೆದ ಕೂಡಲೇ ಲೆಕ್ಕ ತಾನಾಗಿ ಒಮ್ಮೆ ನಡೆದು, ಆಮೇಲೆ ಬಟನ್ ಒತ್ತಿದರೆ ಏನೂ ಆಗದಿದ್ದರೆ ಈ ಬ್ರಾಕೆಟ್ಟೇ ಕಳ್ಳ. ತೆಗೆಯಿರಿ.

## ಕೆಂಪು ಸಾಲು ಬಂದಿದೆ

ಖುಷಿಪಡಿ. ಅರ್ಧ ಕೆಲಸ ಬ್ರೌಸರ್ರೇ ಮಾಡಿಕೊಟ್ಟಿದೆ. ಸಾಲಿನ ಬಲತುದಿಯಲ್ಲಿ ಫೈಲಿನ ಹೆಸರು, ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ. ಅದು ಸಾಲಿನ ನಂಬರ್. ಒತ್ತಿದರೆ ಸೀದಾ ಅಲ್ಲಿಗೇ ಕರೆದುಕೊಂಡು ಹೋಗುತ್ತದೆ. ಹತ್ತು ಕೆಂಪು ಸಾಲುಗಳಿದ್ದರೂ ಎಲ್ಲಕ್ಕಿಂತ ಮೇಲಿನದನ್ನು ಮೊದಲು ಸರಿಮಾಡಿ. ಕೆಳಗಿನವು ಎಷ್ಟೋ ಸಲ ಅದರ ಮಕ್ಕಳು.

‘ಕೆನಾಟ್ ರೀಡ್ ಪ್ರಾಪರ್ಟೀಸ್ ಆಫ್ ನಲ್’ ಎಂದಿದ್ದರೆ, ನೀವು ಕೇಳಿದ ವಸ್ತು ಪುಟದಲ್ಲಿ ಸಿಗಲಿಲ್ಲ. ‘ನಲ್’ ಅಂದರೆ ಬರಿಗೈ. ಪುಟ್ಟಿಗೆ ಅವತ್ತು ಬಂದಿದ್ದು ಇದೇ. ಐಡಿ, ಅಂದರೆ ಆ ವಸ್ತುವಿಗೆ ನೀವು ಕೊಟ್ಟ ಹೆಸರಿನ ಕಾಗುಣಿತ ಪುಟದಲ್ಲೂ ಕೋಡಿನಲ್ಲೂ ಒಂದೇ ಇದೆಯಾ ನೋಡಿ. ‘ಗೆಟ್ ಎಲಿಮೆಂಟ್ ಬೈ ಐಡಿ’ಗೆ ಹೆಸರಿನ ಆರಂಭದಲ್ಲಿ ಹ್ಯಾಶ್ (#) ಹಾಕಬಾರದು, ‘ಕ್ವೆರಿ ಸೆಲೆಕ್ಟರ್’ಗೆ ಹಾಕಲೇಬೇಕು. ಇವೆರಡೂ ಸರಿಯಿದ್ದರೆ ಸ್ಕ್ರಿಪ್ಟ್ ಟ್ಯಾಗ್ ಎಲ್ಲಿದೆ ನೋಡಿ. ಬ್ರೌಸರ್ ಪುಟವನ್ನು ಮೇಲಿಂದ ಕೆಳಗೆ ಓದುತ್ತದೆ. ಸ್ಕ್ರಿಪ್ಟ್ ‘ಹೆಡ್’ ಭಾಗದಲ್ಲಿದ್ದರೆ ಅದು ಓಡುವ ಹೊತ್ತಿಗೆ ಬಟನ್ ಇನ್ನೂ ಹುಟ್ಟಿರುವುದೇ ಇಲ್ಲ. ಹೊರಗಿನ ಫೈಲ್ ಆದರೆ ಟ್ಯಾಗ್‌ಗೆ ‘ಡಿಫರ್’ ಎಂಬ ಪದ ಸೇರಿಸಿ. ಪುಟ ಪೂರ್ತಿ ಓದಿದ ಮೇಲೆ ಓಡುತ್ತದೆ. ಪುಟದೊಳಗೇ ಬರೆದ ಕೋಡಿಗೆ ಡಿಫರ್ ಕೆಲಸ ಮಾಡುವುದಿಲ್ಲ. ಅದನ್ನು ‘ಬಾಡಿ’ ಮುಚ್ಚುವ ಮುಂಚಿನ ಸಾಲಿಗೆ ಇಳಿಸಿ.

‘ಈಸ್ ನಾಟ್ ಡಿಫೈನ್ಡ್’ ಎಂದಿದ್ದರೆ ಬ್ರೌಸರ್‌ಗೆ ಆ ಹೆಸರಿನ ಪರಿಚಯವೇ ಇಲ್ಲ. ಹೆಚ್ಚಿನ ಸಲ ಕಾಗುಣಿತ, ಇಲ್ಲವೇ ದೊಡ್ಡಕ್ಷರ ಚಿಕ್ಕಕ್ಷರ. ಪದಕ್ಕೆ ಕೋಟ್ ಹಾಕಲು ಮರೆತರೂ ಇದೇ ಬರುತ್ತದೆ. ಆಗ ಅದನ್ನು ಮಾತು ಎಂದು ತಿಳಿಯದೆ ಯಾವುದೋ ವೇರಿಯಬಲ್ (ಬೆಲೆ ಇಟ್ಟುಕೊಳ್ಳುವ ಹೆಸರು) ಎಂದು ಹುಡುಕುತ್ತದೆ.

‘ಸಿಂಟ್ಯಾಕ್ಸ್ ಎರರ್’ ಬೇರೆ ಜಾತಿ. ಮೇಲಿನ ಎರಡರಲ್ಲಿ ಕೋಡು ಆ ಸಾಲಿನವರೆಗೆ ಓಡಿ ನಿಂತಿರುತ್ತದೆ. ಇದರಲ್ಲಿ ಇಡೀ ಫೈಲ್ ಒಂದಕ್ಷರವೂ ಓಡಿರುವುದಿಲ್ಲ. ‘ಎಂಡ್ ಆಫ್ ಇನ್‌ಪುಟ್’ ಎಂದಿದ್ದರೆ ಎಲ್ಲೋ ತೆರೆದ ಬ್ರಾಕೆಟ್ ಮುಚ್ಚಿಲ್ಲ. ನಂಬರ್ ಕೊನೆಯ ಸಾಲನ್ನು ತೋರಿಸಿದರೂ ತಪ್ಪು ಮೇಲೆಲ್ಲೋ ಇರುತ್ತದೆ.

‘ಇನ್‌ವ್ಯಾಲಿಡ್ ಆರ್ ಅನ್‌ಎಕ್ಸ್‌ಪೆಕ್ಟೆಡ್ ಟೋಕನ್’ ಬಂದು, ಕೋಡು ನೋಡಲು ಎಲ್ಲ ಸರಿ ಕಂಡರೆ ಕೋಟ್ ಗುರುತುಗಳನ್ನು ಹತ್ತಿರದಿಂದ ನೋಡಿ. ವರ್ಡ್ ಫೈಲಿನಿಂದ ಕಾಪಿ ಮಾಡಿದರೆ " ಇರಬೇಕಾದ ಕಡೆ “ ಬಂದು ಕೂತಿರುತ್ತದೆ. ಬಾಗಿದ ಕೋಟ್ ಪತ್ರಿಕೆಗೆ ಚೆಂದ, ಜಾವಾಸ್ಕ್ರಿಪ್ಟ್‌ಗೆ ಅರ್ಥವಾಗುವುದಿಲ್ಲ. ಅಳಿಸಿ ಕೈಯಾರೆ ಟೈಪ್ ಮಾಡಿ.

ಎರರ್ ಸಾಲನ್ನು ಹಾಗೇ ಕಾಪಿ ಮಾಡಿ ನೆಟ್‌ನಲ್ಲಿ ಹುಡುಕಬಹುದು. ಆದರೆ ‘ಜಾವಾ’ ಎಂದಷ್ಟೇ ಸೇರಿಸಬೇಡಿ. ಜಾವಾ ಬೇರೆಯೇ ಭಾಷೆ, ಹೆಸರು ಮಾತ್ರ ಒಂದೇ ಥರ. ಅಲ್ಲಿ ಸಿಕ್ಕ ಕೋಡು ಇಲ್ಲಿ ಹಾಕಿದರೆ ಇನ್ನೂ ಮೂರು ಕೆಂಪು ಸಾಲು ಬರುತ್ತವೆ.

## ಉತ್ತರ ಒಮ್ಮೆ ಮಿನುಗಿ ಮಾಯವಾಗುತ್ತದೆ

ಬಟನ್ ‘ಫಾರ್ಮ್’ ಟ್ಯಾಗ್ ಒಳಗಿದೆ. ಅಲ್ಲಿರುವ ಬಟನ್‌ಗೆ ಬೇರೇನೂ ಹೇಳದಿದ್ದರೆ ಫಾರ್ಮನ್ನು ಕಳಿಸುವುದೇ ಅದರ ಕೆಲಸ. ಕಳಿಸಿದ ಕೂಡಲೇ ಪುಟ ಮತ್ತೆ ಲೋಡ್ ಆಗುತ್ತದೆ, ನಿಮ್ಮ ಉತ್ತರ ಅಳಿಸಿಹೋಗುತ್ತದೆ. ಬಟನ್‌ನ ‘ಟೈಪ್’ ಜಾಗದಲ್ಲಿ ‘ಬಟನ್’ ಎಂದೇ ಬರೆದರೆ ಸಾಕು. ಎಂಟರ್ ಒತ್ತಿದರೂ ಲೆಕ್ಕ ಆಗಬೇಕು ಎಂದಿದ್ದರೆ ಫಾರ್ಮ್‌ನ ‘ಸಬ್ಮಿಟ್’ ಘಟನೆ ಹಿಡಿದು, ಒಳಗಿನ ಮೊದಲ ಸಾಲಲ್ಲಿ ‘ಪ್ರಿವೆಂಟ್ ಡಿಫಾಲ್ಟ್’ ಕರೆಯಿರಿ.

## ಓಡುತ್ತಿದೆ, ಆದರೆ ಲೆಕ್ಕ ತಪ್ಪು

ಇದು ಎಲ್ಲಕ್ಕಿಂತ ಅಪಾಯದ್ದು. ಕೆಂಪು ಸಾಲು ಬರುವುದಿಲ್ಲ, ಬಟನ್ ಕೆಲಸ ಮಾಡುತ್ತದೆ, ಉತ್ತರವೂ ಬರುತ್ತದೆ. ಸುಳ್ಳು ಉತ್ತರ.

ಪುಟ್ಟಿಯ ಎರಡನೇ ಫೋನ್ ಇದಕ್ಕೇ. ಬೆಳಿಗ್ಗೆ 6 ಲೀಟರ್, ಸಂಜೆ 5 ಲೀಟರ್. ಪುಟ ತೋರಿಸಿದ್ದು 65 ಲೀಟರ್. ಲೀಟರ್‌ಗೆ 35 ರೂಪಾಯಿ ಎಂದು ಗುಣಿಸಿ 2275 ರೂಪಾಯಿ ಎಂದೂ ಹೇಳಿತ್ತು. ನಿಜವಾಗಿ ಬರಬೇಕಾದ್ದು 385. “ಅಜ್ಜಿಗೆ ತೋರಿಸ್ದೆ ಮಾಮ, ಎರಡೇ ಹಸು ಇಷ್ಟು ಕೊಟ್ರೆ ಮೂರನೇದು ಯಾಕೆ ಅಂದ್ರು.”

ಪೆಟ್ಟಿಗೆಯಲ್ಲಿ ಟೈಪ್ ಮಾಡಿದ್ದೆಲ್ಲ ಜಾವಾಸ್ಕ್ರಿಪ್ಟ್‌ಗೆ ಬರುವುದು ಅಕ್ಷರವಾಗಿ, ಸಂಖ್ಯೆಯಾಗಿ ಅಲ್ಲ. ಪೆಟ್ಟಿಗೆಯ ಟೈಪ್ ‘ನಂಬರ್’ ಎಂದಿದ್ದರೂ ‘ವ್ಯಾಲ್ಯೂ’ ಕೇಳಿದರೆ ಸಿಗುವುದು ಅಕ್ಷರವೇ. ಕೂಡುವ ಚಿಹ್ನೆಗೆ ಈ ಭಾಷೆಯಲ್ಲಿ ಎರಡು ಕೆಲಸ. ಸಂಖ್ಯೆ ಸಿಕ್ಕರೆ ಕೂಡುತ್ತದೆ, ಅಕ್ಷರ ಸಿಕ್ಕರೆ ಪಕ್ಕಪಕ್ಕ ಅಂಟಿಸುತ್ತದೆ. ಗುಣಿಸುವ ಚಿಹ್ನೆಗೆ ಅಂಟಿಸಲು ಬರುವುದಿಲ್ಲ, ಹಾಗಾಗಿ ಅದು ಅಕ್ಷರವನ್ನು ಸುಮ್ನೆ ಸಂಖ್ಯೆ ಮಾಡಿಕೊಳ್ಳುತ್ತದೆ. ಅದಕ್ಕೇ 65 ನೇರವಾಗಿ ಗುಣಾಕಾರಕ್ಕೆ ಹೋಗಿ ಕೂತಿತು. ಬ್ರೆಂಡನ್ ಐಕ್ 1995ರಲ್ಲಿ ನೆಟ್‌ಸ್ಕೇಪ್‌ನಲ್ಲಿ ಈ ಭಾಷೆಯ ಮೊದಲ ರೂಪವನ್ನು 10 ದಿನಗಳಲ್ಲಿ ಸಿದ್ಧಮಾಡಿದ್ದು. ಇಂಥ ಸಲಿಗೆಗಳು ಅಂದಿನಿಂದಲೂ ಉಳಿದಿವೆ. ತೆಗೆದರೆ ಹಳೆಯ ಪುಟಗಳೆಲ್ಲ ಕೆಡುತ್ತವೆ.

ಪರಿಹಾರ ಸುಲಭ. ಪೆಟ್ಟಿಗೆಯಿಂದ ತೆಗೆದ ಕೂಡಲೇ ‘ನಂಬರ್’ ಫಂಕ್ಷನ್‌ಗೆ ಕೊಟ್ಟು ಸಂಖ್ಯೆ ಮಾಡಿ, ಆಮೇಲೆ ಕೂಡಿ. ಇಲ್ಲಿ ‘ಪಾರ್ಸ್ ಇಂಟ್’ ಬಳಸಬೇಡಿ. ಅದು 6.5 ಅನ್ನು 6 ಮಾಡುತ್ತದೆ. ದಿನಕ್ಕೆ ಅರ್ಧ ಲೀಟರ್ ಹೋದರೆ ತಿಂಗಳಿಗೆ 15 ಲೀಟರ್, ಅಲ್ವಾ?

ಅದೇ ಮನೆಯ ಇನ್ನೂ ಕೆಲವು ದೋಷಗಳು:

ಉತ್ತರದ ಜಾಗದಲ್ಲಿ ‘ನ್ಯಾನ್’ ಎಂದು ಬಂದರೆ, ಸಂಖ್ಯೆ ಅಲ್ಲದ್ದನ್ನು ಸಂಖ್ಯೆ ಮಾಡಲು ಹೋಗಿದ್ದೀರಿ. ‘6 ಲೀ’ ಎಂದು ಯಾರೋ ಟೈಪ್ ಮಾಡಿರಬಹುದು. ಪಠ್ಯದ ಪೆಟ್ಟಿಗೆಯಲ್ಲಿ ಕನ್ನಡ ಅಂಕಿ ೬ ಹಾಕಿದರೂ ನ್ಯಾನ್ ಬರುತ್ತದೆ. ಕನ್ನಡ ಅಂಕಿ ಬೇಕೆಂದರೆ ೦ಯಿಂದ ೯ರವರೆಗೆ ಒಂದೊಂದನ್ನೂ ನೀವೇ 0-9ಕ್ಕೆ ಬದಲಿಸಿ ಆಮೇಲೆ ನಂಬರ್‌ಗೆ ಕೊಡಬೇಕು. ಪೆಟ್ಟಿಗೆ ಖಾಲಿ ಬಿಟ್ಟರೆ ಮಾತ್ರ ನ್ಯಾನ್ ಬರದೆ 0 ಬರುತ್ತದೆ. ಸಂಜೆಯ ಹಾಲು ಬರೆಯಲು ಮರೆತವರಿಗೆ ಪುಟ ಏನೂ ಹೇಳದೆ ಕಡಿಮೆ ದುಡ್ಡು ತೋರಿಸುತ್ತದೆ. ಖಾಲಿ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ.

1.1 ಮತ್ತು 2.2 ಕೂಡಿದರೆ 3.3000000000000003 ಬರುತ್ತದೆ. ನಿಮ್ಮ ತಪ್ಪಲ್ಲ. ಕಂಪ್ಯೂಟರ್ ದಶಮಾಂಶಗಳನ್ನು ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುವುದರಿಂದ ಬಾಲದಲ್ಲಿ ಚೂರು ಉಳಿಯುತ್ತದೆ. ತೋರಿಸುವಾಗ ‘ಟು ಫಿಕ್ಸ್ಡ್’ಗೆ 2 ಕೊಟ್ಟು ಎರಡು ಅಂಕಿಗೆ ಇಳಿಸಿ. ಆದರೆ ಅದು ಕೊಡುವುದು ಮತ್ತೆ ಅಕ್ಷರ! ಅದನ್ನು ಇನ್ನೊಂದಕ್ಕೆ ಕೂಡಲು ಹೋದರೆ 65ರ ಕಥೆಯೇ. ಕೊನೆಯಲ್ಲಿ, ತೋರಿಸಲು ಮಾತ್ರ ಬಳಸಿ.

‘ಇಫ್’ ಷರತ್ತು ಯಾವಾಗಲೂ ನಿಜವೇ ಆಗುತ್ತಿದ್ದರೆ ಸಮ ಚಿಹ್ನೆ ಎಷ್ಟಿವೆ ಎಣಿಸಿ. ಒಂದು = ಅಂದರೆ ‘ಇದನ್ನು ಇಟ್ಟುಕೋ’. ಹೋಲಿಸಲು === ಬೇಕು.

ಎಲ್ಲಿ ಕೆಟ್ಟಿದೆ ಎಂದು ಕಣ್ಣಿಗೆ ಬೀಳದಿದ್ದರೆ ಪ್ರತಿ ಹೆಜ್ಜೆಗೂ ಕನ್ಸೋಲ್ ಡಾಟ್ ಲಾಗ್ ಹಾಕಿ, ಗೊತ್ತಿರುವ ಚಿಕ್ಕ ಲೆಕ್ಕ ಕೊಟ್ಟು ನೋಡಿ. ಕ್ರೋಮ್‌ನ ಕನ್ಸೋಲ್‌ನಲ್ಲಿ ಬರೀ ಸಂಖ್ಯೆ ಒಂದು ಬಣ್ಣ, ಬರೀ ಅಕ್ಷರ ಇನ್ನೊಂದು ಬಣ್ಣದಲ್ಲಿ ಬರುತ್ತವೆ. ಬಣ್ಣ ಯಾವ ಸಾಲಲ್ಲಿ ಬದಲಾಯಿತು ನೋಡಿದರೆ ಸಾಕಾಗುತ್ತದೆ.

## ಒಮ್ಮೆ ಒತ್ತಿದರೆ ಎರಡು ಸಲ, ಆಮೇಲೆ ಮೂರು ಸಲ

‘ಆಡ್ ಇವೆಂಟ್ ಲಿಸನರ್’ ಸಾಲನ್ನು ಇನ್ನೊಂದು ಫಂಕ್ಷನ್ ಒಳಗೆ ಬರೆದಿದ್ದೀರಿ. ಆ ಫಂಕ್ಷನ್ ಓಡಿದಾಗಲೆಲ್ಲ ಅದೇ ಬಟನ್‌ಗೆ ಇನ್ನೊಬ್ಬ ಕಾವಲುಗಾರ ಸೇರುತ್ತಾನೆ. ಸಾಲನ್ನು ಹೊರಗೆ ತಂದು ಒಂದೇ ಸಲ ಓಡುವಂತೆ ಮಾಡಿ.

## ಕನ್ನಡ ಅಕ್ಷರಗಳು ಕೆಟ್ಟು ಬರುತ್ತಿವೆ

‘ಒಟ್ಟು ಲೀಟರ್’ ಎಂದು ಬರೆದಲ್ಲಿ, ತಲೆಯ ಮೇಲೆ ಓರೆಗೆರೆ ಇರುವ ಇಂಗ್ಲಿಷ್ ಎ, ಅದರ ಪಕ್ಕ ಚಿಕ್ಕ 2 ಅಥವಾ 3, ಮತ್ತೆ ಎ, ಮತ್ತೆ 2, ಹೀಗೆ ಸಾಲುಸಾಲು ಕಂಡರೆ ಫೈಲ್ ಕೆಟ್ಟಿಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿಯಾದ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಬ್ರೌಸರ್ ಮೂರನ್ನೂ ಬಿಡಿಬಿಡಿಯಾಗಿ ಓದಿದೆ ಅಷ್ಟೇ. ‘ಹೆಡ್’ ಭಾಗದ ಮೊದಲಲ್ಲೇ ‘ಮೆಟಾ’ ಟ್ಯಾಗ್ ಹಾಕಿ ‘ಕ್ಯಾರ್‌ಸೆಟ್’ ಯುಟಿಎಫ್-8 ಎಂದು ಹೇಳಿ. ಫೈಲಿನ ಮೊದಲ 1024 ಬೈಟ್ ಒಳಗೇ ಅದು ಬರಬೇಕು.

ಅದಲ್ಲದೆ ಮಾಮೂಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಂಡರೆ, ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಪೇಸ್ಟ್ ಮಾಡಿದ್ದೀರಿ. ಮೆಟಾ ಟ್ಯಾಗ್ ಇದಕ್ಕೆ ಮದ್ದಲ್ಲ. ಯೂನಿಕೋಡ್‌ಗೆ ಪರಿವರ್ತಿಸಿ ಹಾಕಬೇಕು.

ಇನ್ನೊಂದು ಕಣ್ಣಿಗೆ ಕಾಣದ ಕಾಟ. ಎರಡು ಪದ ಪರದೆಯಲ್ಲಿ ಒಂದೇ ಥರ ಕಾಣುತ್ತವೆ, ಹೋಲಿಸಿದರೆ ‘ಫಾಲ್ಸ್’. ‘ಬಟನ್’ ಎಂಬ ಪದದ ಕೊನೆಯಲ್ಲಿ ಕೆಲವು ಕೀಲಿಮಣೆಗಳು ಕಾಣದ ಒಂದು ಸಂಕೇತ ಸೇರಿಸುತ್ತವೆ, ಅರ್ಧಾಕ್ಷರ ಮುಂದಿನದರ ಜೊತೆ ಒತ್ತಾಗದಿರಲಿ ಎಂದು. ಪದದ ‘ಲೆಂತ್’ ಕೇಳಿ ನೋಡಿ, ಒಂದು ಜಾಸ್ತಿ ಇರುತ್ತದೆ. ‘ಟ್ರಿಮ್’ ಖಾಲಿ ಜಾಗ ತೆಗೆಯುತ್ತದೆಯೇ ಹೊರತು ಇದನ್ನಲ್ಲ. ‘ರಿಪ್ಲೇಸ್’ ಮಾಡಿಯೇ ತೆಗೆಯಬೇಕು. ‘ಕೊ’ದಂಥ ಅಕ್ಷರವನ್ನೂ ಒಂದೇ ಸ್ವರಚಿಹ್ನೆಯಾಗಿ ಅಥವಾ ಎರಡು ತುಂಡಾಗಿ ಬರೆಯಲು ಬರುತ್ತದೆ. ಹೋಲಿಸುವ ಮುಂಚೆ ಎರಡೂ ಕಡೆ ‘ನಾರ್ಮಲೈಸ್’ ಕರೆದರೆ ಒಂದಾಗುತ್ತವೆ.

ಲೆಂತ್ ಕೇಳಿದಾಗ ‘ಕನ್ನಡ’ ಎಂಬ ಪದಕ್ಕೆ 5 ಎಂದು ಬಂದರೆ ಗಾಬರಿ ಬೇಡ. ನಾವು ಮೂರು ಅಕ್ಷರ ಎಣಿಸುತ್ತೇವೆ, ಅದು ಕ, ನ, ವಿರಾಮ, ನ, ಡ ಎಂದು ಎಣಿಸುತ್ತದೆ. ಹೆಸರಿನ ಪೆಟ್ಟಿಗೆಗೆ 10 ಅಕ್ಷರದ ಮಿತಿ ಹಾಕಿದರೆ ಕನ್ನಡದ ಹೆಸರು ಅರ್ಧಕ್ಕೇ ನಿಲ್ಲುವುದು ಇದರಿಂದ. ಅಂದಹಾಗೆ ವೇರಿಯಬಲ್ ಹೆಸರು ಕನ್ನಡದಲ್ಲಿದ್ದರೂ ಜಾವಾಸ್ಕ್ರಿಪ್ಟ್ ಒಪ್ಪುತ್ತದೆ. ‘ಒಟ್ಟು = ಬೆಳಿಗ್ಗೆ + ಸಂಜೆ’ ಎಂಬ ಸಾಲು ನಿಜವಾಗಿಯೂ ಓಡುತ್ತದೆ. ಕಲಿಯುವಾಗ ಮಜಾ, ಇನ್ನೊಬ್ಬರ ಜೊತೆ ಕೆಲಸ ಮಾಡುವಾಗ ಕಷ್ಟ.

## ಟ್ಯಾಬ್ ಕಲ್ಲಾಗಿದೆ

ಫ್ಯಾನ್ ಜೋರಾಗಿ ತಿರುಗುತ್ತಿದೆ, ಪುಟ ಯಾವುದಕ್ಕೂ ಜಗ್ಗುತ್ತಿಲ್ಲ. ಮುಗಿಯದ ಲೂಪ್. ‘ದಿನ 30ಕ್ಕಿಂತ ಕಡಿಮೆ ಇರುವವರೆಗೆ ಮಾಡು’ ಎಂದು ಹೇಳಿ, ದಿನವನ್ನು ಹೆಚ್ಚಿಸುವ ಸಾಲನ್ನೇ ಮರೆತಿದ್ದೀರಿ. ಕ್ರೋಮ್‌ನಲ್ಲಿ ಶಿಫ್ಟ್ ಜೊತೆ ಎಸ್ಕೇಪ್ ಒತ್ತಿದರೆ ಅದರದೇ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಆ ಟ್ಯಾಬನ್ನು ಮಾತ್ರ ಮುಗಿಸಿ. ಕೋಡು ಸರಿಮಾಡಿ ಸೇವ್ ಮಾಡುವವರೆಗೆ ಪುಟವನ್ನು ಮತ್ತೆ ತೆರೆಯಬೇಡಿ.

## ನನ್ನ ಕಂಪ್ಯೂಟರಿನಲ್ಲಿ ಸರಿ, ನೆಟ್‌ಗೆ ಹಾಕಿದರೆ ಇಲ್ಲ

ಕನ್ಸೋಲ್‌ನಲ್ಲಿ 404 ಕಂಡರೆ ಫೈಲ್ ಸಿಕ್ಕಿಲ್ಲ. ವಿಂಡೋಸ್‌ಗೆ ಫೈಲ್ ಹೆಸರಿನ ದೊಡ್ಡಕ್ಷರ ಚಿಕ್ಕಕ್ಷರ ಎರಡೂ ಒಂದೇ. ಲಿನಕ್ಸ್ ಸರ್ವರ್‌ಗೆ, ಗಿಟ್‌ಹಬ್ ಪೇಜಸ್‌ಗೆ ಬೇರೆ ಬೇರೆ. ಎಲ್ಲ ಫೈಲ್ ಹೆಸರನ್ನೂ ಚಿಕ್ಕಕ್ಷರದಲ್ಲೇ ಇಟ್ಟರೆ ಈ ಗೋಳಿಲ್ಲ. ನೋಟ್‌ಪ್ಯಾಡ್ ಬಳಸುವವರು ಫೈಲಿನ ಬಾಲದಲ್ಲಿ ಗುಟ್ಟಾಗಿ ‘ಡಾಟ್ ಟಿಎಕ್ಸ್‌ಟಿ’ ಸೇರಿದೆಯೇ ಎಂದೂ ನೋಡಿ.

ಉಲ್ಟಾ ದೋಷವೂ ಇದೆ. ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆದ ಪುಟದಲ್ಲಿ ‘ಫೆಚ್’ ಬಳಸಿ ಪಕ್ಕದ ಫೈಲ್ ಓದಲು ಹೋದರೆ ‘ಕಾರ್ಸ್’ ಎಂದು ಬೈಯುತ್ತದೆ. ಡಿಸ್ಕಿನಿಂದ ನೇರ ತೆರೆದ ಪುಟಕ್ಕೆ ಆ ಅನುಮತಿ ಇಲ್ಲ. ವಿಎಸ್ ಕೋಡ್‌ನ ಲೈವ್ ಸರ್ವರ್ ಹಾಕಿಕೊಂಡು ಅದರಿಂದ ತೆರೆಯಿರಿ.

## ಇಲ್ಲಿಗೆ ನಿಲ್ಲಿಸಿ, ಯಾರನ್ನಾದರೂ ಕೇಳಿ

‘ನೆಟ್‌ವರ್ಕ್’ ಟ್ಯಾಬ್‌ನಲ್ಲಿ 500 ಎಂದು ಬರುತ್ತಿದ್ದರೆ ದೋಷ ಸರ್ವರ್‌ನದು. ನಿಮ್ಮ ಪುಟವನ್ನು ಎಷ್ಟು ಕೆದಕಿದರೂ ಉಪಯೋಗವಿಲ್ಲ. ಅದನ್ನು ನೋಡಿಕೊಳ್ಳುವವರಿಗೆ ತಿಳಿಸಿ.

ಪುಟದಲ್ಲಿ ಹಣ ಪಾವತಿ, ಪಾಸ್‌ವರ್ಡ್, ಬೇರೆಯವರ ಆಧಾರ್ ಅಥವಾ ಫೋನ್ ನಂಬರ್ ಬಂದರೆ ಒಬ್ಬರೇ ಮುಂದುವರಿಯಬೇಡಿ. ಬ್ರೌಸರ್‌ನಲ್ಲಿ ಓಡುವ ಕೋಡನ್ನು ಎಫ್12 ಒತ್ತಿ ಯಾರು ಬೇಕಾದರೂ ಓದಬಹುದು. ಅಲ್ಲಿ ಬರೆದ ಗುಟ್ಟು ಗುಟ್ಟಲ್ಲ. ಯಾರೋ ಟೈಪ್ ಮಾಡಿದ್ದನ್ನು ‘ಇನ್ನರ್ ಎಚ್‌ಟಿಎಂಎಲ್’ಗೆ ಹಾಗೇ ಸುರಿಯಬೇಡಿ, ಅದರೊಳಗೆ ಕೋಡು ಅಡಗಿ ಬರಬಹುದು. ಬರೀ ಮಾತು ತೋರಿಸಲು ‘ಟೆಕ್ಸ್ಟ್ ಕಂಟೆಂಟ್’ ಸಾಕು.

ಒಂದೇ ದೋಷಕ್ಕೆ ಒಂದು ಗಂಟೆ ಆಯಿತೇ? ಎದ್ದು ಹೋಗಿ. ಅದಕ್ಕೂ ಮುಂಚೆ ಫೋಲ್ಡರ್‌ನ ಒಂದು ಕಾಪಿ ಮಾಡಿಡಿ. ತಲೆ ಬಿಸಿಯಾದಾಗ ಕೈ ಮೊದಲು ಹೋಗುವುದು ಸರಿಯಿದ್ದ ಭಾಗ ಅಳಿಸಲು.

ಕೇಳುವಾಗ ಪರದೆಯ ಫೋಟೋ ಕಳಿಸಬೇಡಿ, ಮಸುಕಾದ ಫೋಟೋದಲ್ಲಿ ಅಲ್ಪವಿರಾಮ ಹುಡುಕಲು ಆಗುವುದಿಲ್ಲ. ಕೆಂಪು ಸಾಲನ್ನು ಅಕ್ಷರವಾಗಿಯೇ ಕಾಪಿ ಮಾಡಿ. ಏನು ಟೈಪ್ ಮಾಡಿದಿರಿ, ಏನು ಬರಬೇಕಿತ್ತು, ಏನು ಬಂತು ಎಂದು ಮೂರು ಸಾಲು ಬರೆಯಿರಿ. ದೋಷ ಉಳಿಯುವಷ್ಟು ಕೋಡು ಇಟ್ಟು ಮಿಕ್ಕಿದ್ದನ್ನು ತೆಗೆಯಿರಿ. ಹೋದ ವಾರ ಪುಟ್ಟಿ ಹೀಗೇ ಕತ್ತರಿಸುತ್ತಾ ಹನ್ನೆರಡು ಸಾಲಿಗೆ ತಂದಳು. ಕಳಿಸಿದ ಮೆಸೇಜನ್ನು ನಾನು ತೆರೆಯುವಷ್ಟರಲ್ಲಿ ಅದನ್ನು ಅಳಿಸಿ, ಕೆಳಗೆ “ಸಿಕ್ತು ಮಾಮ, ಬ್ರಾಕೆಟ್ಟು” ಎಂದು ಬರೆದಿದ್ದಳು.